ಅಣ್ಣ ಬಿತ್ತುವ ತನಕ

ಒಗೂಟನ ಹೊಲಕ್ಕೆ ಇನ್ನೂ ಗುದ್ದಲಿ ಬಿದ್ದಿರಲಿಲ್ಲ. ಅವನು ಮನೆಗೆ ಹಿರಿಯ. ಹಿರಿಯ ಬೀಜ ಹಾಕದೆ ತಮ್ಮನ ಮನೆಯವರು ಒಂದು ಕಾಳನ್ನೂ ಮಣ್ಣಿಗಿಡುವಂತಿಲ್ಲ. ಇಟ್ಟರೆ ಚಿರಾ ಎಂಬ ಶಾಪ ತಗಲುತ್ತದೆ, ಮನೆಯ ಮಕ್ಕಳು ಸೊರಗಿ ಸಾಯುತ್ತವೆ. ತಮ್ಮನ ಹೆಂಡತಿ ಅದೋಯೊ ಇದನ್ನು ಹುಟ್ಟಿದಾಗಿನಿಂದ ಕೇಳಿದವಳು. ಆದರೆ ಮಳೆಗೆ ಯಾವ ಹಿರಿಯ, ಯಾವ ಕಿರಿಯ? ಅದು ಹಿಡಿದು ಮೂರು ವಾರವಾಗಿತ್ತು, ಸರೋವರದ ಮೇಲಿನ ಮೋಡ ಆಗಲೇ ತೆಳುವಾಗುತ್ತಿತ್ತು. ಅವಳು ತನ್ನ ಹೊಲ ಅಗೆದು ಇಟ್ಟಾಗಿತ್ತು. ಮನೆಯಲ್ಲಿದ್ದದ್ದು ಒಂದು ಸೋರೆಬುರುಡೆ ಬಿತ್ತನೆಯ ಮೆಕ್ಕೆಜೋಳ. ಮೂರು ಮಕ್ಕಳ ವರ್ಷದ ಕೂಳು ಅದರಲ್ಲೇ ಇತ್ತು.

ಒಗೂಟ ಕಾಯುತ್ತಿದ್ದದ್ದು ಕೌಂಟಿ ಸರ್ಕಾರದ, ಅಂದರೆ ಜಿಲ್ಲೆಗೆ ಹೊಸದಾಗಿ ಬಂದ ಸ್ವಂತ ಸರ್ಕಾರದ, ಟ್ರ್ಯಾಕ್ಟರಿಗೆ. ಬೆಳಗಾದರೆ ಇಸ್ತ್ರಿ ಅಂಗಿ ತೊಟ್ಟು ಕಚೇರಿ ಕಟ್ಟೆಯ ಮೇಲೆ ಕೂರುವುದು, ಸಂಜೆ ಹೊಸ ಭರವಸೆ ಹೊತ್ತು ತರುವುದು, ಇದೇ ಅವನ ದುಡಿಮೆ. ಐವತ್ತು ವರ್ಷ ರಾಜಧಾನಿ ನೈರೋಬಿಯವರು ತುಳಿದರು, ಈಗ ಅಧಿಕಾರ ನಮ್ಮ ಲುವೊ ಜನರ ಕೈಗೇ ಬಂದಿದೆ, ಇನ್ನೂ ಸೊಂಟ ಮುರಿದುಕೊಂಡು ಅಗೆಯಬೇಕೇ ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದ. ತುಳಿದದ್ದೇನೂ ಸುಳ್ಳಲ್ಲ. ಅದೋಯೊಳ ತಾಯಿ ಸತ್ತದ್ದೇ ಆಸ್ಪತ್ರೆಗೆ ರಸ್ತೆಯಿಲ್ಲದೆ.

ಒಂದು ದಿನ ಅವಳು ತಡೆಯಲಾರದೆ ಕೇಳಿಯೇಬಿಟ್ಟಳು.

“ಭಾವ, ಟ್ರ್ಯಾಕ್ಟರ್ ಬಂದಾಗ ಬರ್ಲಿ. ಶಾಸ್ತ್ರಕ್ಕೆ ಒಂದು ಹಿಡಿ ಕಾಳು ಹಾಕ್ಬಿಡಿ. ನಿಮ್ಮ ಹೊಲಾನೂ ನಾನೇ ಅಗೀತೀನಿ.”

“ನಮ್ಮ ಸರ್ಕಾರ ಬಂದ್ಮೇಲೂ ಒಗೂಟ ತಮ್ಮನ ಹೆಂಡ್ತಿ ಕೈಲಿ ಅಗೆಸ್ದ ಅಂತ ಊರು ನಗಬೇಕಾ? ಸ್ವಲ್ಪ ತಾಳು, ಅದೋಯೊ.”

ತಾನು ತಾಳಿದರೂ ಮಳೆ ತಾಳಬೇಕಲ್ಲ! ಅವಳ ಗಂಡ ಒವಾಗ ಅಣ್ಣನೆದುರು ತುಟಿ ಬಿಚ್ಚುವವನಲ್ಲ. ಅವನು ಮೀನಿಗೆ ಹೋದ ಬೆಳಗ್ಗೆ ಅವಳೊಬ್ಬಳೇ ಬುರುಡೆ ಬರಿದಾಗುವಷ್ಟೂ ಬಿತ್ತಿ, ಮಣ್ಣು ಮುಚ್ಚಿ, ಹೆಜ್ಜೆ ಗುರುತನ್ನೂ ಅಳಿಸಿ ಬಂದಳು.

ಮರುದಿನ ಒಗೂಟನ ಕಿರಿಮಗಳು ಜ್ವರ ಬಂದು ಮಲಗಿದಳು. ಸೊಳ್ಳೆ ಜ್ವರ, ಮಳೆಗಾಲದಲ್ಲಿ ಯಾರಿಗೆ ಬರುವುದಿಲ್ಲ ಎಂದು ಅದೋಯೊ ತನಗೆ ತಾನೇ ಹೇಳಿಕೊಂಡಳು. ಎದೆ ಮಾತ್ರ ಕೇಳಲಿಲ್ಲ.

ನಾಲ್ಕನೆಯ ದಿನ ಟ್ರ್ಯಾಕ್ಟರ್ ಬಂತು. ಊರೆಲ್ಲ ಹೊಲದ ಬದುವಿಗೆ ಬಂದು ನಿಂತಿತು. ಒಗೂಟ ತನ್ನ ಹೊಲ ಉಳುಮೆ ಮಾಡಿಸಿ, ಹಿರಿಯನಾಗಿ ಮೊದಲ ಕಾಳು ಹಾಕಿ, ಎದೆಯುಬ್ಬಿಸಿ ಚಾಲಕನತ್ತ ತಿರುಗಿದ.

“ತಮ್ಮಂದೂ ಉತ್ತುಬಿಡಪ್ಪ. ಕೈಲಿ ಅಗೆದದ್ದೂ ಒಂದು ಅಗೆತಾನಾ?”

ಬೇಡ ಎನ್ನಲು ಅದೋಯೊ ಬಾಯಿ ತೆರೆದಳು. ಪಕ್ಕದಲ್ಲೇ ವಾರಗಿತ್ತಿ ಜ್ವರದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದಳು. ಮಗುವಿನ ಕತ್ತು ವಾಲಿತ್ತು. ಬಿತ್ತಿದ್ದೇನೆ ಎಂದರೆ ಆ ಮಗುವನ್ನು ತಿಂದವಳು ಅನ್ನಿಸಿಕೊಳ್ಳಬೇಕು. ಬಾಯಿ ಮುಚ್ಚಿದಳು. ನೇಗಿಲು ಮೊಳದಾಳಕ್ಕೆ ಮಣ್ಣು ಮಗುಚುತ್ತ ಹೋಯಿತು. ಅಷ್ಟು ಆಳದಿಂದ ಯಾವ ಮೊಳಕೆಯೂ ಮೇಲೆ ಬರುವುದಿಲ್ಲ.

“ಈಗ ನಿಮ್ಮ ಸರದಿ, ಬಿತ್ತಮ್ಮಾ,” ಎಂದ ಒಗೂಟ.

ಎಲ್ಲರೂ ನೋಡುತ್ತಿದ್ದರು. ಅದೋಯೊ ಮನೆಗೆ ಹೋಗಿ ಬರಿದಾದ ಬುರುಡೆಯನ್ನು ಸೊಂಟಕ್ಕಿಟ್ಟುಕೊಂಡು ಬಂದಳು. ಒಳಗೆ ಕೈ ಹಾಕಿ, ಮುಷ್ಟಿ ಕಟ್ಟಿ ತೆಗೆದು, ಸಾಲಿನ ಮೇಲೆ ಬಿಚ್ಚಿದಳು. ಹಿಂದೆ ಒವಾಗ ಕಾಲಿನಿಂದ ಮಣ್ಣು ಮುಚ್ಚುತ್ತ ಬಂದ. ಎರಡನೆಯ ಸಾಲಿನ ನಡುವೆ ಅವನು ನಿಂತ, ಬಗ್ಗಿ ಬರಿ ಸಾಲನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಆಮೇಲೆ ಬದುವಿನ ಮೇಲಿದ್ದ ಅಣ್ಣನತ್ತ ಒಮ್ಮೆ ನೋಡಿ, ಕೊನೆಯ ಸಾಲಿನ ತನಕ ಮುಚ್ಚುತ್ತಲೇ ಬಂದ.