ಕಿರುಚುವ ಬ್ರೇಕು, ಮೂರಂತಸ್ತಿನ ಕೇಕು

ಆ ಬೀದಿಯವರಿಗೆ ಬೆಳಿಗ್ಗೆ ಏಳಲು ಗಡಿಯಾರ ಬೇಕಿರಲಿಲ್ಲ. ಟೈಲರ್ ಮಾಮನ ಸೊಸೆ ಕಾರು ಹತ್ತಿ ಬೇಕರಿಗೆ ಹೊರಟಳೆಂದರೆ ಸಾಕು, ಬೀದಿಯ ತಿರುವಿನಲ್ಲಿ ಬ್ರೇಕು "ಕೀಂಚ್" ಎಂದು ಕಿರುಚುತ್ತಿತ್ತು. ಮಹಡಿ ಮನೆಯವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ರೈಲು ಬಂತು, ಎಲ್ಲಾ ಏಳ್ರಪ್ಪಾ!" ಎಂದು ನಗುತ್ತಿದ್ದರು.

ಸೊಸೆಗೆ ಆ ನಗು ಚುಚ್ಚುತ್ತಿತ್ತು. ಅವಳು ಕಾರು ಓಡಿಸಲು ಕಲಿತು ಹೆಚ್ಚು ಕಾಲ ಆಗಿರಲಿಲ್ಲ. ಬೇಕರಿಯ ಕೇಕುಗಳನ್ನು ಮನೆಮನೆಗೆ ತಲುಪಿಸುವ ಕೆಲಸವನ್ನು ತಾನೇ ಕೇಳಿ, ತಾನೇ ಹಿಡಿದಿದ್ದಳು. ಅದು ಅವಳ ಮೊದಲ ಸಂಪಾದನೆ.

"ರೀ, ಈ ಸದ್ದಿಗೆ ಏನಾದ್ರೂ ಮಾಡಿಸೋಣ" ಎಂದು ಗಂಡನಿಗೆ ಹೇಳಿದರೆ ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವನದು ಕನ್ನಡಕದ ಅಂಗಡಿ.

"ಕಾರಿಗೆ ಏನೂ ಆಗಿಲ್ಲ ಕಣೇ. ನಿನ್ನ ಕಾಲು ಭಾರ. ಬ್ರೇಕ್ ಮೇಲೆ ಹತ್ತಿ ನಿಂತ್ಕೋತೀಯ. ನಾನು ಓಡಿಸಿದಾಗ ಕಿರುಚುತ್ತಾ?"

"ನೀವು ಓಡಿಸಿದಾಗಲೂ ಕಿರುಚುತ್ತೆ. ಆಗ ನೀವು ರೇಡಿಯೋ ಜೋರಾಗಿ ಹಾಕ್ಕೊಂಡಿರ್ತೀರಿ, ಅಷ್ಟೆ."

ಅವನು ನಕ್ಕು ಅಂಗಡಿಗೆ ಹೋದ. ಆದರೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಮಾವ ನಗಲಿಲ್ಲ. ಅವರು ಸೊಸೆಯ ಬಾಡಿದ ಮುಖ ನೋಡಿದರು. ಯಂತ್ರದ ಪಕ್ಕದಲ್ಲಿ ಉದ್ದ ಮೂತಿಯ ಎಣ್ಣೆ ಡಬ್ಬಿ ಇತ್ತು. ಕಿರುಗುಟ್ಟುವುದೆಲ್ಲ ಎಣ್ಣೆ ಬೇಡುತ್ತಿದೆ ಎಂಬುದು ಅವರ ಜೀವಮಾನದ ನಂಬಿಕೆ. ಯಂತ್ರಕ್ಕೆ, ಫ್ಯಾನಿಗೆ, ಬಾಗಿಲ ತಿರುಗಣಿಗೆ, ಪಕ್ಕದ ಮನೆಯ ಮಗುವಿನ ಮೂರು ಚಕ್ರದ ಸೈಕಲ್ಲಿಗೆ, ಯಾರೂ ಕೇಳದೆಯೇ ಹೋಗಿ ಒಂದೊಂದು ಹನಿ ಬಿಟ್ಟು ಬರುತ್ತಿದ್ದರು.

ಮರುದಿನ ಕಾರು ಸದ್ದಿಲ್ಲದೆ ತಿರುವು ದಾಟಿತು. ಮಹಡಿ ಮನೆಯವರು ಕಿಟಕಿ ತೆಗೆಯಲಿಲ್ಲ. ಸೊಸೆಗೆ ಆಶ್ಚರ್ಯ, ಖುಷಿ. ಮಾವ ಸೂಜಿಗೆ ದಾರ ಪೋಣಿಸುತ್ತಾ ಒಳಗೊಳಗೇ ಮುಗುಳ್ನಕ್ಕರು.

ಖುಷಿ ಉಳಿದದ್ದು ಸ್ವಲ್ಪ ಹೊತ್ತು. ಅದೇ ಬೆಳಿಗ್ಗೆ ಅವಳು ಹುಟ್ಟುಹಬ್ಬದ ಕೇಕು ಹಿಂದಿನ ಸೀಟಿನಲ್ಲಿಟ್ಟುಕೊಂಡು ಹೊರಟಳು. ನಾಲ್ಕು ರಸ್ತೆ ಕೂಡುವಲ್ಲಿ ಮೆಲ್ಲಗೆ ಬ್ರೇಕು ಒತ್ತಿದಳು. ಮೊದಲು ಅದು ಜಾರಿದ ಹಾಗಾಯಿತು. ಆಮೇಲೆ ಗಪ್ಪನೆ ಹಿಡಿಯಿತು. ಸ್ಟಿಯರಿಂಗು ಕೈಯೊಳಗೆ ಜಗ್ಗಿ ಕಾರು ಬಲಕ್ಕೆ ಎಳೆಯಿತು. ಕೇಕು ಪೆಟ್ಟಿಗೆ ಸಮೇತ ಕೆಳಗೆ ಉರುಳಿತು. ಎದುರಿಗೆ ತರಕಾರಿ ಗಾಡಿ ತಳ್ಳುತ್ತಿದ್ದ ಮುದುಕಪ್ಪ ಬೆಚ್ಚಿ ಹಿಂದಕ್ಕೆ ಸರಿದ. ಕಾರಿಗೂ ಅವನ ಗಾಡಿಗೂ ನಡುವೆ ಒಂದು ಬುಟ್ಟಿ ಇಡುವಷ್ಟು ಜಾಗ ಉಳಿದಿತ್ತು. ಅವನು ಬೈಯಲಿಲ್ಲ. ಹತ್ತಿರ ಬಂದು, "ಇಳಿಯಮ್ಮಾ, ಒಂಚೂರು ನೀರು ಕುಡಿ" ಎಂದ.

ಕಾರನ್ನು ರಸ್ತೆ ಬದಿಗೆ ಬಿಟ್ಟು ನಡೆದು ಬಂದ ಸೊಸೆಯನ್ನು ಬೇಕರಿಯ ಒಡತಿಯೂ ಬೈಯಲಿಲ್ಲ. ಅವಳಿಗೆ ಕೂರಲು ಕುರ್ಚಿ ಎಳೆದುಕೊಟ್ಟು ನೇರವಾಗಿ ಹೇಳಿದಳು: "ನೋಡಮ್ಮಾ, ನಿನಗೇನೂ ಆಗಲಿಲ್ಲವಲ್ಲ, ಅಷ್ಟು ಸಾಕು. ಆದ್ರೆ ಭಾನುವಾರ ಮದುವೆ ಕೇಕು ಹೋಗ್ಬೇಕು. ಮೂರಂತಸ್ತಿನದು. ಅಷ್ಟರೊಳಗೆ ಕಾರು ಸರಿಯಾದ್ರೆ ಅದು ನಿನ್ನದೇ. ಆಗದಿದ್ರೆ ಬೇರೆಯವರನ್ನ ಕರೀತೀನಿ. ಒಮ್ಮೆ ಕರೆದ್ರೆ ಅವರೇ ಕಾಯಂ ಆಗ್ತಾರೆ. ಬೇಜಾರು ಮಾಡ್ಕೋಬೇಡ."

ಬೇಕರಿಯ ಎದುರಿಗೇ ಡ್ರೈವಿಂಗ್ ಶಾಲೆ. ಅಲ್ಲಿ ಕಲಿಸುವಾಕೆಗೆ ಊರೆಲ್ಲ ಇಟ್ಟ ಹೆಸರು ಕ್ಲಚ್ ಅಕ್ಕ. ಕಲಿಯುವವರ ಪಕ್ಕ ಕೂತು "ಕ್ಲಚ್ಚು! ಕ್ಲಚ್ಚು!" ಎಂದು ಅವಳು ಕೂಗುವುದು ಮುಂದಿನ ಬೀದಿಗೂ ಕೇಳುತ್ತದೆ. ಸೊಸೆಗೆ ಕಾರು ಕಲಿಸಿದವಳೂ ಅವಳೇ. ವಿಷಯ ಕೇಳಿದವಳೇ ಹೇಳಿದಳು:

"ಆ ಕಾರನ್ನ ಮತ್ತೆ ಓಡಿಸಬೇಡ. ಗ್ಯಾರೇಜಿನವರು ಬಂದು ಎಳ್ಕೊಂಡು ಹೋಗಿ ಮನೆ ಮುಂದೆ ನಿಲ್ಲಿಸಲಿ. ಸಂಜೆ ಅವರ ಜೊತೆ ನಾನೂ ಬರ್ತೀನಿ."

ಸಂಜೆ ಅವಳು ಬಂದಳು. ಜೊತೆಗೆ ಗ್ಯಾರೇಜಿನ ಮೆಕ್ಯಾನಿಕ್. ಗಂಡನೂ ಅಂಗಡಿಯಿಂದ ಬೇಗ ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತ.

"ಅಕ್ಕಾ, ನೀವೇ ಹೇಳಿ. ಇವಳ ಕಾಲು ಭಾರ ಅಲ್ವಾ?"

"ಕಾಲು ಭಾರವಾದ್ರೆ ಕಾರು ನೆಟ್ಟಗೆ ನಿಲ್ಲುತ್ತೆ ಕಣಪ್ಪಾ, ಬಲಕ್ಕೆ ಯಾಕೆ ಎಳೆಯುತ್ತೆ? ಅವಳ ಒಂದು ಕಾಲು ಬಲಕ್ಕೂ ಒಂದು ಕಾಲು ಎಡಕ್ಕೂ ಇದೆಯಾ? ಊರಿಗೆಲ್ಲ ಕನ್ನಡಕ ಕೊಡ್ತೀಯ, ನಿನ್ನ ಕಾರಿನ ಚಕ್ರ ಒಂದ್ಸಲ ನೋಡೋಕ್ಕಾಗಲಿಲ್ವಾ!"

ಮೆಕ್ಯಾನಿಕ್ ಮುಂದಿನ ಎಡ ಚಕ್ರ ಬಿಚ್ಚಿದ. ಒಳಗೆ ತಟ್ಟೆಯಂಥ ಉಕ್ಕಿನ ಡಿಸ್ಕು. ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡುಗಳು. ಅವನು ಬೆರಳಿಂದ ಮುಟ್ಟಿ, ಮೂಗಿನ ಹತ್ತಿರ ಹಿಡಿದ.

"ಎಣ್ಣೆ. ಇದು ಕಾರಿನ ಎಣ್ಣೆ ಅಲ್ಲ. ತಿಳಿಯಾಗಿದೆ. ಇಲ್ಲಿಗೆ ಹೇಗೆ ಬಂತು?"

"ನಾನೇ ಹಾಕಿದ್ದು!" ಎಂದು ಮಾವ ಎದೆಯುಬ್ಬಿಸಿ ಹೊರಗೆ ಬಂದರು. "ಚಕ್ರದ ಸಂದಿಯಿಂದ ಡಬ್ಬಿ ಮೂತಿ ಸರಿಯಾಗಿ ಒಳಗೆ ಹೋಯ್ತು. ನೋಡಿ, ಸದ್ದು ಎಷ್ಟು ಚೆನ್ನಾಗಿ ನಿಂತಿದೆ!"

ಕ್ಲಚ್ ಅಕ್ಕನ ದನಿ ಮೊದಲ ಬಾರಿಗೆ ಮೆತ್ತಗಾಯಿತು.

"ಟೈಲರ್ ಮಾಮ, ಹೊಲಿಗೆ ಯಂತ್ರ ಜಾರಬೇಕು, ಅದಕ್ಕೆ ಎಣ್ಣೆ. ಬ್ರೇಕು ಜಾರಬಾರದು, ಹಿಡೀಬೇಕು. ಈ ಪ್ಯಾಡು ನೋಡಿ, ಸವೆದು ಹಾಳೆಯಷ್ಟು ತೆಳ್ಳಗಾಗಿದೆ. ಇದರ ತುದೀಲಿ ಒಂದು ತಗಡಿನ ನಾಲಿಗೆ ಕಾಣುತ್ತಾ? ಪ್ಯಾಡು ಸವೆದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತೆ. ಕಿರುಚಲಿ ಅಂತಲೇ ಇಟ್ಟಿರೋದು. 'ನನ್ನನ್ನ ಬದಲಾಯಿಸಿ' ಅಂತ ಅದು ಕೂಗ್ತಾ ಇತ್ತು, ನೀವು ಅದರ ಬಾಯಿ ಮುಚ್ಚಿಸಿದ್ರಿ. ಎಡಗಡೆ ಎಣ್ಣೆ ಬಿದ್ದು ಅಲ್ಲಿ ಒಂದ್ಸಲ ಜಾರುತ್ತೆ, ಒಂದ್ಸಲ ಕಚ್ಚುತ್ತೆ. ಬಲಗಡೆ ಮಾತ್ರ ಸರಿಯಾಗಿ ಹಿಡಿಯುತ್ತೆ. ಅದಕ್ಕೇ ಕಾರು ಬಲಕ್ಕೆ ಎಳೀತು."

ಮಾವನ ಕೈಯಲ್ಲಿದ್ದ ಡಬ್ಬಿ ಕೆಳಗಿಳಿಯಿತು. "ಒರೆಸಿದ್ರೆ ಹೋಗಲ್ವಾ?"

"ರೇಷ್ಮೆ ಬಟ್ಟೆಗೆ ಎಣ್ಣೆ ಕುಡಿಸಿದ್ರೆ ಹೋಗುತ್ತಾ ಮಾಮ?"

"ಇಲ್ಲ" ಎಂದರು ಅವರು, ಕೇಳಿಸದಷ್ಟು ಮೆಲ್ಲಗೆ.

ಗಂಡ ಅಪ್ಪನ ಮೇಲೆ ರೇಗಲು ಬಾಯಿ ತೆರೆದ. ಸೊಸೆ ಅಷ್ಟರಲ್ಲೇ ಮಾವನಿಗೊಂದು ಸ್ಟೂಲು ತಂದಿಟ್ಟಳು.

"ಮಾವ, ಜನ ನನ್ನ ಆಡ್ಕೊಂಡು ನಗಬಾರದು ಅಂತ ತಾನೆ ನೀವು ಹಾಕಿದ್ದು?"

ಅವರು ತಲೆ ಆಡಿಸಿದರು.

"ಹಾಗಾದ್ರೆ ನಾಳೆ ನನ್ನ ಜೊತೆ ಬಿಡಿಭಾಗದ ಅಂಗಡಿಗೆ ಬನ್ನಿ. ನಿಮ್ಮ ಬೆರಳು ಬೇಕು ನನಗೆ."

ಗಂಡ ಲೆಕ್ಕ ಹಾಕಿದ. "ಹಾಳಾಗಿರೋದು ಎಡಗಡೇದು. ಎಡಕ್ಕೆ ಮಾತ್ರ ಹೊಸದು ಹಾಕಿಸಿದ್ರೆ ಮುಗೀತಲ್ಲ?"

ಕ್ಲಚ್ ಅಕ್ಕ ಮಾವನ ಕಡೆ ತಿರುಗಿದಳು. "ಮಾಮ, ಕೋಟಿಗೆ ಒಂದು ತೋಳು ಉಣ್ಣೆ, ಇನ್ನೊಂದು ತೋಳು ಹತ್ತಿ, ಹೊಲೀತೀರಾ?"

"ಛೆ! ಹೊಲಿದ್ರೆ ಕೋಟೇ ವಾಲುತ್ತೆ!"

"ಕಾರೂ ಅಷ್ಟೆ. ಎಡಕ್ಕೆ ಹಾಕಿದ್ದನ್ನೇ ಬಲಕ್ಕೂ ಹಾಕ್ಬೇಕು. ಜೋಡಿಯಾಗಿ, ಒಂದೇ ಪೆಟ್ಟಿಗೆಯಿಂದ."

ಮರುದಿನ ಸೊಸೆ, ಮಾವ, ಗಂಡ ಮೂವರೂ ಬಸ್ಸು ಹತ್ತಿದರು. ಸೊಸೆಯ ಚೀಲದಲ್ಲಿ ಕಾಗದದಲ್ಲಿ ಸುತ್ತಿದ ಹಳೆಯ ಪ್ಯಾಡು, ಕಾರಿನ ಕಾಗದಪತ್ರ. ಅಂಗಡಿಯವ ಪ್ಯಾಡನ್ನು ಮೇಲುಮೇಲೆ ನೋಡಿ, ಗೂಡಿನಿಂದ ಪೆಟ್ಟಿಗೆಯಿಲ್ಲದ ಒಂದು ಜೊತೆ ತೆಗೆದು ಮೇಜಿನ ಮೇಲಿಟ್ಟ.

"ಇದೇ ಹಾಕ್ಕೊಳ್ಳಿ. ಎಲ್ಲಾ ಒಂದೇ. ಅಗ್ಗ ಬೇರೆ."

ಗಂಡನ ಕಣ್ಣು ಅರಳಿತು. ಮಾವ ಕನ್ನಡಕ ಸರಿಮಾಡಿಕೊಂಡರು. ಹಳೆಯ ಪ್ಯಾಡಿನ ಮೇಲೆ ಹೊಸದನ್ನು ಇಟ್ಟರು, ಅಳತೆಯ ಕಾಗದದ ಮೇಲೆ ಬಟ್ಟೆ ಇಟ್ಟು ನೋಡುವ ಹಾಗೆ. ಕಿವಿಯಂತೆ ಚಾಚಿದ ತುದಿ ಒಂದು ಕಡೆ ಹೊರಗೆ ಉಳಿಯಿತು. ಆಮೇಲೆ ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದರು. ಮೂಲೆಯಲ್ಲಿ ಬೆರಳು ನಿಂತಿತು.

"ಇಲ್ಲಿ ತಗಡಿನಿಂದ ಒಳಪಟ್ಟಿ ಬಿಟ್ಕೊಂಡಿದೆ. ಅಂಟು ಹಿಡಿದೇ ಇಲ್ಲ. ಉಗುರು ಹೋಗ್ತಿದೆ ನೋಡಿ. ಇಂಥ ಕಾಲರು ನಾನು ಗಿರಾಕಿಗೆ ಕೊಡಲ್ಲ, ನನ್ನ ಸೊಸೆ ಕಾಲ ಕೆಳಗೆ ಇದನ್ನ ಇಡ್ತೀನಾ?"

ಅಂಗಡಿಯವ ಬಗ್ಗಿ ನೋಡಿದ. ಅವನ ಮುಖ ಕೆಂಪಾಯಿತು. "ನಿಜ ಯಜಮಾನ್ರೇ. ನಾನು ನೋಡಿರಲಿಲ್ಲ" ಎಂದು ಆ ಜೊತೆಯನ್ನು ಗುಜರಿ ಡಬ್ಬಕ್ಕೆ ಎಸೆದ.

"ಮತ್ತೆ, ರೇಸ್ ಕಾರಿಂದು ಇದೆಯಲ್ಲ, ಅದು ಇನ್ನೂ ಗಟ್ಟಿ ಇರಬಹುದಾ?" ಎಂದು ಗಂಡ ಕೇಳಿದ.

"ಬೇಡ ಸಾರ್. ಅದು ಕಾದ ಮೇಲೆ ಚೆನ್ನಾಗಿ ಹಿಡಿಯುತ್ತೆ. ಬೀದಿ ಓಡಾಟದಲ್ಲಿ ಅಷ್ಟು ಕಾಯೋದೇ ಇಲ್ಲ. ಸದ್ದೂ ಜಾಸ್ತಿ. ಮೇಡಂ, ಆ ಕಾರಿನ ಕಾಗದ ಕೊಡಿ, ನಂಬರು ನೋಡಿ ಸರಿಯಾದ್ದು ಕೊಡ್ತೀನಿ."

ಅವನು ಮಾದರಿ, ವರ್ಷ ನೋಡಿ, ಮುದ್ರೆ ಒಡೆಯದ ಪೆಟ್ಟಿಗೆ ತಂದ. ಪೆಟ್ಟಿಗೆಯ ಮೇಲಿನ ಸಂಖ್ಯೆ ಪ್ಯಾಡಿನ ಬೆನ್ನಿನಲ್ಲೂ ಇತ್ತು. ಆಕಾರ ಹಳೆಯದಕ್ಕೆ ತಾಳೆಯಾಯಿತು. ಮಾವ ಅಂಚು ಸವರಿದರು. ಬೆರಳು ಎಲ್ಲೂ ನಿಲ್ಲಲಿಲ್ಲ. ಸೊಸೆ ರಸೀದಿ ಕೇಳಿ ತೆಗೆದುಕೊಂಡಳು.

ಮೆಕ್ಯಾನಿಕ್ ಡಿಸ್ಕಿನ ದಪ್ಪ ಅಳೆದು, ಗೀರು ಬಿದ್ದಿಲ್ಲವೆಂದು ನೋಡಿ, ಎಣ್ಣೆ ಪೂರ್ತಿ ಹೋಗುವಂತೆ ಬ್ರೇಕ್ ಕ್ಲೀನರ್ ಹೊಡೆದು ತೊಳೆದ. ಎರಡೂ ಕಡೆ ಹೊಸ ಪ್ಯಾಡು ಕೂರಿಸಿದ. ಪ್ಯಾಡನ್ನು ಹಿಡಿದಿರುವ ಭಾಗ ಸಲೀಸಾಗಿ ಸರಿಯುತ್ತಿದೆಯೇ ನೋಡಿ, ಬೇಕಾದಲ್ಲಿ ಮಾತ್ರ ಬ್ರೇಕಿನದೇ ಗ್ರೀಸು ಹಚ್ಚಿದ. ಬ್ರೇಕ್ ದ್ರವದ ಮಟ್ಟ ನೋಡಿದ. ಕೀಲಿ ಕೊಡುವ ಮುಂಚೆ ಸ್ಟಿಯರಿಂಗಿಗೆ ಅಂಟಿದ್ದ ತನ್ನ ಕೈಮಸಿಯನ್ನು ಬಟ್ಟೆಯಿಂದ ಒರೆಸಿದ.

"ಹೊರಡೋ ಮುಂಚೆ ನಿಂತಲ್ಲೇ ಪೆಡಲ್ ಒತ್ತಿ ಒತ್ತಿ ಬಿಡಮ್ಮಾ, ಗಟ್ಟಿಯಾಗೋವರೆಗೂ. ಆಮೇಲೆ ಖಾಲಿ ರಸ್ತೇಲಿ ಸ್ವಲ್ಪ ವೇಗ ಏರಿಸು, ಹದವಾಗಿ ಬ್ರೇಕು ಒತ್ತು, ಆರೋಕೆ ಬಿಡು, ಮತ್ತೆ ಒತ್ತು. ಪ್ಯಾಡಿಗೂ ಡಿಸ್ಕಿಗೂ ಪರಿಚಯ ಆಗ್ಬೇಕಲ್ಲ."

"ಹೊಸ ಸೊಸೆ ಬಂದ ಹಾಗೆ" ಎಂದು ಕ್ಲಚ್ ಅಕ್ಕ ನಕ್ಕಳು.

ಭಾನುವಾರ ಬಂತು. ಬೇಕರಿಯ ಒಡತಿ ಮೂರಂತಸ್ತಿನ ಕೇಕನ್ನು ತಾನೇ ಎತ್ತಿ ಹಿಂದಿನ ಸೀಟಿನ ಹಲಗೆಯ ಮೇಲೆ ಕೂರಿಸಿದಳು. ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ತುದಿಯಲ್ಲಿ ಸಕ್ಕರೆಯ ಬಿಳಿ ಗುಲಾಬಿ. ಪಕ್ಕದಲ್ಲಿ ಮಾವ, ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದು. ಮುಂದೆ ಸ್ಟಿಯರಿಂಗು ಹಿಡಿದ ಸೊಸೆಯ ಪಕ್ಕ ಗಂಡ, ರೇಡಿಯೋ ಆರಿಸಿ.

ಮದುವೆಯ ಸಭಾಂಗಣಕ್ಕೆ ಇಳಿಜಾರು ರಸ್ತೆ. ಅರ್ಧ ಇಳಿದಿದ್ದರು. ಸಂದಿಯಿಂದ ಒಂದು ಸ್ಕೂಟರು ಹಿಂದೆಮುಂದೆ ನೋಡದೆ ರಸ್ತೆಗೆ ನುಗ್ಗಿತು. ಗಂಡ "ಅಯ್ಯೋ!" ಎಂದು ಕಣ್ಣು ಮುಚ್ಚಿದ. ಸೊಸೆ ಬ್ರೇಕು ಒತ್ತಿದಳು.

ಕಾರು ನಿಂತಿತು. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ, ನೆಟ್ಟಗೆ. ಕಿರುಚಲಿಲ್ಲ, ಜಗ್ಗಲಿಲ್ಲ. ಸ್ಕೂಟರಿನವನು ಕೈ ಮುಗಿದು ದಾಟಿ ಹೋದ.

ಗಂಡ ಒಂದು ಕಣ್ಣು ತೆರೆದ. "ಅಪ್ಪಾ... ಕೇಕು?"

ಹಿಂದಿನಿಂದ ಮಾವನ ನಗು. "ಗುಲಾಬಿ ಗುಲಾಬಿಯಾಗೇ ಇದೆ ಕಣೋ! ನೋಡು, ಇನ್ಮೇಲೆ ಕೈ ಬಿಡ್ತೀನಿ!" ಅವರು ಎರಡೂ ಕೈ ಮೇಲೆತ್ತಿದರು. ಸಭಾಂಗಣದ ಬಾಗಿಲವರೆಗೆ ಕೈ ಹಾಗೆಯೇ ಇತ್ತು. ಕೇಕು ಅಲುಗಲಿಲ್ಲ.

"ಕಾಲು ಭಾರ ಅಂದಿದ್ದೆ. ತಪ್ಪಾಯ್ತು ಮಾರಾಯ್ತಿ" ಎಂದ ಗಂಡ.

"ಪರವಾಗಿಲ್ಲ. ಮುಂದಿನ ಭಾನುವಾರದ ಕೇಕೂ ನನ್ನದೇ ಅಂತ ಬೇಕರಿಯವರಿಗೆ ನೀವೇ ಫೋನ್ ಮಾಡಿ ಹೇಳಿ."

ಸಂಜೆ ಕಾರು ಬೀದಿಯ ತಿರುವಿನಲ್ಲಿ ಸದ್ದಿಲ್ಲದೆ ನಿಂತಾಗ ಮಹಡಿ ಮನೆಯವರು ಕಿಟಕಿ ತೆರೆದು ಚಪ್ಪಾಳೆ ತಟ್ಟಿದರು. ಮನೆಯ ಗೇಟು ಕಿರ್‍ರೆಂದಿತು. ಮಾವ ಡಬ್ಬಿ ತಂದರು, ಮೂತಿ ಬಗ್ಗಿಸುವ ಮೊದಲು ಸೊಸೆಯ ಮುಖ ನೋಡಿದರು.

"ಇದಕ್ಕೆ ಹಾಕಬಹುದು ತಾನೆ?"

"ಇದಕ್ಕೆ ಧಾರಾಳವಾಗಿ ಹಾಕಿ ಮಾವ!"

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಕಾರು ಇಂದು ಏನು ಹೇಳುತ್ತಿದೆ? ಬ್ರೇಕು ಒತ್ತಿದಾಗಲೆಲ್ಲ ಕೀಂಚ್ ಎಂದರೆ ಪ್ಯಾಡು ಸವೆದಿರಬಹುದು, ತೋರಿಸಿ. ಉಕ್ಕಿಗೆ ಉಕ್ಕು ಉಜ್ಜಿದಂತೆ ಕರಕರ ಎಂದರೆ, ಕಾರು ಒಂದು ಕಡೆಗೆ ಎಳೆದರೆ, ಪೆಡಲ್ ಕೆಳಗೆ ಕುಸಿದರೆ, ಅಲ್ಲಿಗೇ ನಿಲ್ಲಿಸಿ, ಮೆಕ್ಯಾನಿಕ್ಕನ್ನು ಕರೆಯಿರಿ. ರಾತ್ರಿ ಮಳೆ ಬಿದ್ದ ಬೆಳಿಗ್ಗೆ ಒಂದೆರಡು ಸಲ ಕಿರುಗುಟ್ಟಿ ನಿಂತರೆ ಹೆದರಬೇಕಿಲ್ಲ. ಪ್ಯಾಡು ಕೊಳ್ಳುವಾಗ ನಿಮ್ಮ ಕಾರಿನ ಮಾದರಿಗೆ ಹೊಂದುವುದನ್ನೇ, ಮುದ್ರೆಯಿರುವ ಪೆಟ್ಟಿಗೆಯಲ್ಲೇ ಕೊಳ್ಳಿ, ಎರಡೂ ಕಡೆಗೆ ಹಾಕಿಸಿ. ಬ್ರೇಕಿಗೆ ಎಣ್ಣೆ ಮಾತ್ರ ಎಂದಿಗೂ ಬೇಡ. ಮತ್ತೆ, ಓಡಿಸುವವರ ಕಾಲನ್ನು ದೂರುವ ಮೊದಲು ಒಮ್ಮೆ ಬಗ್ಗಿ ಚಕ್ರವನ್ನು ನೋಡಿ. ನಿಮ್ಮ ಮನೆಯವರು ಸಂಜೆ ನೆಟ್ಟಗೆ ಮನೆ ಮುಂದೆ ಬಂದು ನಿಲ್ಲಲಿ.