ಚಿಂದಿಯ ಬಾಯಲ್ಲಿದ್ದ ಪೊಟ್ಟಣ

ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದನ್ನು ಕೆಣಕಲು ಮಗಳ ನಾಯಿ ಚಿಂದಿಯೊಂದೇ ಸಾಕಿತ್ತು. ಅಳತೆಗೆ ಕತ್ತರಿಸಿಟ್ಟ ಬಟ್ಟೆಯನ್ನೆಲ್ಲ ಹರಿದು ಹಾಕಿಯೇ ಅದು ಆ ಹೆಸರು ಸಂಪಾದಿಸಿತ್ತು. ಬೈದರೆ ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ, ಬಾಲ ಅಲ್ಲಾಡಿಸುತ್ತಿತ್ತು. ಹಿರಿಯರ ಮುಂದೆ ಕುಂಡೆ ಎತ್ತುವ ಇದಕ್ಕೆ ಮಾನ ಮರ್ಯಾದೆ ಇಲ್ಲವೆಂದು ಅವನು ಗೊಣಗುತ್ತಿದ್ದ. ಆದರೂ ಓಡಿಸಿರಲಿಲ್ಲ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಮಗಳು ಬಾಯ್ತುಂಬ ನಕ್ಕಿದ್ದು ಈ ನಾಯಿ ಬಂದ ನಂತರವೇ.

ಅಂಟಿನ ವಾಸನೆಗೆ ಇಲಿಗಳು ಬರುತ್ತವೆ, ಇಲಿಗಳ ಹಿಂದೆ ಪಾಷಾಣ ಬರುತ್ತದೆ. "ಅಪ್ಪಾ, ಅದೊಂದನ್ನ ಮಾತ್ರ ಮನೆಯೊಳಗೆ ತರ್ಬೇಡ," ಎಂದಿದ್ದಳು ಮಗಳು. ಹೂಂಗುಟ್ಟಿದ್ದ ಅಪ್ಪ, ಅವಳು ಕೆಲಸಕ್ಕೆ ಹೋದದ್ದೇ ತಡ, ಪೊಟ್ಟಣ ತಂದು ಮೇಜಿನಂಚಿನಲ್ಲಿಟ್ಟು ದಾರಕ್ಕೆ ಮೇಣ ಹಚ್ಚಲು ಕೂತ. ತಿರುಗಿ ನೋಡಿದರೆ ಪೊಟ್ಟಣ ಚಿಂದಿಯ ಬಾಯಲ್ಲಿತ್ತು.

ಬಿಡು ಎಂದು ಅಬ್ಬರಿಸಿ ನುಗ್ಗಿದ. ಅದು ಮೇಜಿನ ಕೆಳಗೆ ನುಸುಳಿ, ರಟ್ಟಿನ ರಾಶಿ ಹಾರಿ, ಮೂಲೆಗೆ ಓಡಿತು. ಅಟ್ಟಿಸಿದಷ್ಟೂ ಬಾಯಿ ಬಿಗಿಯಾಯಿತು. ಹಲ್ಲುಗಳ ನಡುವೆ ಕಾಗದ ಪರಪರ ಎಂದಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲ್ಲಿ ಚೆಲ್ಲಾಟ ನಾಯಿಯದು, ಸಂಕಟ ಬೈಂಡರನದು, ಪ್ರಾಣ ಮಾತ್ರ ನಾಯಿಯದೇ.

ಉಸಿರು ಸಾಲದೆ ನಿಂತ. ನಾಯಿಯೂ ನಿಂತಿತು. ಒಂದು ಹೆಜ್ಜೆ ಮುಂದಿಟ್ಟರೆ ಅದು ಹಿಂದೆ ಸರಿಯಿತು. ಇವನು ಹಿಂದೆ ಸರಿದರೆ ಅದು ಮುಂದೆ ಬಂತು. ಆಮೇಲೆ ಪೊಟ್ಟಣ ಕಚ್ಚಿಕೊಂಡೇ ಮುಂಗಾಲು ಚಾಚಿ ಹಿಂಭಾಗ ಎತ್ತಿತು. ಆಗ ಹೊಳೆಯಿತು ಬೈಂಡರನಿಗೆ. ಇದು ಅವಮರ್ಯಾದೆಯಲ್ಲ, ಆಟದ ಕರೆ. ಹಿಡಿ ನೋಡೋಣ ಎನ್ನುತ್ತಿದೆ. ಇಷ್ಟು ಹೊತ್ತು ಅಟ್ಟಿಸಿಕೊಂಡು ಹೋಗಿ, ಆಗಲಿ ಎಂದು ಒಪ್ಪಿಕೊಂಡವನು ತಾನೇ.

ಹಾಗಾದರೆ ಓಡುವವನು ತಾನಾಗಬೇಕು. ಊರೆಲ್ಲ ಬಿರುಸಿನವನೆಂದು ಹೆದರುತ್ತಿದ್ದ ಮನುಷ್ಯ ಮೊಣಕೈ ನೆಲಕ್ಕೂರಿ, ಹಿಂಭಾಗ ಎತ್ತಿ, ಬಟ್ಟೆಯ ತುಂಡೊಂದನ್ನು ಹಲ್ಲಿನಲ್ಲಿ ಕಚ್ಚಿ ಗುರ್ರ್ ಎಂದ. ಚಿಂದಿಯ ಕಿವಿ ನಿಮಿರಿತು. ಇವನು ಬೆನ್ನು ತಿರುಗಿಸಿ ಅಂಬೆಗಾಲಲ್ಲೇ ಓಡಿದ. ಹಿಂದೆ ಏನಾಗುತ್ತಿದೆಯೆಂದು ನೋಡುವಂತಿರಲಿಲ್ಲ. ನುಂಗಿಬಿಟ್ಟರೆ ಎಂದುಕೊಳ್ಳುತ್ತಲೇ ಮುಂದೆ ಮುಂದೆ ತೆವಳಿದ.

ಪೊಟ್ಟಣ ನೆಲಕ್ಕೆ ಬಿದ್ದ ಸದ್ದು ಕೇಳಿತು. ಮರುಕ್ಷಣವೇ ಬಟ್ಟೆಯ ಇನ್ನೊಂದು ತುದಿ ನಾಯಿಯ ಬಾಯಲ್ಲಿತ್ತು. ಬೈಂಡರ ಎಳೆಯುತ್ತಲೇ ಹಿಂದೆ ಸರಿದು, ಕಾಲಿನಿಂದ ಪೊಟ್ಟಣವನ್ನು ಹತ್ತಿರ ಜರುಗಿಸಿ, ಕೈಗೆತ್ತಿಕೊಂಡು ಬಟ್ಟೆ ಉಗಿದ. ಹೊರಗಿನ ಕಾಗದ ಹರಿದಿತ್ತು. ಒಳಗಿನ ಪ್ಲಾಸ್ಟಿಕ್ಕಿನ ಮೇಲೆ ಹಲ್ಲಿನ ಗುರುತಿತ್ತು, ತೂತು ಇರಲಿಲ್ಲ.

ಪೊಟ್ಟಣ ಜೇಬಿಗೆ ಸೇರಿದ ಮೇಲೆ ಸಿಟ್ಟು ನೆತ್ತಿಗೇರಿತು. ಹೊಡೆಯಲು ಕೈ ಎತ್ತಿದ. "ನಿಂಗೇನಾದ್ರೂ ಆಗಿದ್ರೆ ಅವಳಿಗೆ ಯಾವ ಮುಖ ತೋರಿಸ್ಲಿ ನಾನು?"

ಎತ್ತಿದ ಕೈ ನೋಡಿ ಚಿಂದಿ ಹೆದರಲಿಲ್ಲ. ಬಟ್ಟೆ ಬಿಟ್ಟು, ಮುಂಗಾಲು ಚಾಚಿ, ಹಿಂಭಾಗ ಎತ್ತಿತು. ಪಾಷಾಣ ತಂದ ಕೈಯನ್ನೇ ಅದು ಆಟಕ್ಕೆ ಕರೆಯುತ್ತಿತ್ತು. ಬೈಂಡರ ಆ ಕೈಯನ್ನು ಮೆಲ್ಲಗೆ ನೆಲಕ್ಕೂರಿ, ಅಳುತ್ತಲೇ ಅದರ ಮುಂದೆ ಬಾಗಿದ.