ಕೌಬಾಯ್ ಚಿತ್ರದಲ್ಲಿ ಅಮ್ಮನ ಮಾತು

ಫಾಸ್ಟರ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಗಾನವಿಯ ಪಕ್ಕದ ಮನೆಯಲ್ಲಿದ್ದವರು ಲೊರೇನ್. ಎಂಬತ್ತು ದಾಟಿದ, ಅಮೆರಿಕದ ಮೂಲನಿವಾಸಿ ಹೆಂಗಸು, ಒಬ್ಬರೇ ಇದ್ದರು. ಹಳೆಯ ಸಿನಿಮಾಗಳ ಸದ್ದನ್ನು ಸರಿಪಡಿಸುವುದು ಗಾನವಿಯ ಕೆಲಸ ಎಂದು ತಿಳಿದ ದಿನವೇ ಅವರು ಬಂದು ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಕಪ್ಪುಬಿಳುಪು ಕೌಬಾಯ್ ಚಿತ್ರದ ಡಿವಿಡಿ ಇತ್ತು.

"ಇದರಲ್ಲಿ ನನ್ನ ಅಮ್ಮ ಇದ್ದಾಳೆ. ನಾನಿನ್ನೂ ಮಗು, ಆಗಲೇ ತೀರಿಹೋದಳು. ಅವಳ ದನಿ ಹೇಗಿತ್ತೋ ನೆನಪಿಲ್ಲ. ಇದರಲ್ಲಿ ಕೇಳಿಸುವುದು ಬೇರೆ ಯಾರದೋ ದನಿಯಂತೆ. ನನ್ನ ಈ ಹೃದಯ ಇನ್ನೆಷ್ಟು ದಿನ ಓಡುತ್ತದೋ ಗೊತ್ತಿಲ್ಲ. ಒಂದು ಸಲ ಕೇಳಿಸಮ್ಮ."

ಗಾನವಿ ಚಿತ್ರ ನೋಡಿದಳು. ಬುಡಕಟ್ಟಿನ ನಾಯಕ, ಅವನ ಚೆಲುವೆ ಮಗಳು, ಅವಳ ಅಣ್ಣಂದಿರು, ಮಾತಿದ್ದವರೆಲ್ಲ ಮೈಗೆ ಕಂದು ಬಣ್ಣ ಬಳಿದುಕೊಂಡ ಬಿಳಿಯರೇ. ನಿಜವಾದ ಮೂಲನಿವಾಸಿಗಳು ಹಿಂದೆ ಗುಂಪಾಗಿ ನಿಂತಿದ್ದರು, ಇಲ್ಲವೇ ಗುಂಡು ತಾಗಿ ಕುದುರೆಯಿಂದ ಉರುಳುತ್ತಿದ್ದರು. ಅವರಲ್ಲಿ ಒಬ್ಬಳು ಮಾತ್ರ ಗುಡಾರದಿಂದ ಹೊರಬಂದು ಸೈನಿಕರತ್ತ ಏನೋ ಕೂಗುತ್ತಾಳೆ. ಅವಳೇ ಲೊರೇನರ ತಾಯಿ. ಆದರೆ ಕೇಳುತ್ತಿದ್ದ ದನಿಗೂ ಅವಳ ತುಟಿಗೂ ತಾಳಮೇಳವೇ ಇರಲಿಲ್ಲ. ಅವಳು ತನ್ನ ಭಾಷೆಯಲ್ಲಿ ಆಡಿದ್ದನ್ನು ಅಳಿಸಿ, ಯಾರೋ ನಟಿಯ ಕೈಲಿ ಅರ್ಥವಿಲ್ಲದ ಅರಚಾಟ ತುಂಬಿಸಿದ್ದರು.

ಗಾನವಿ ಸಂಗ್ರಹಾಲಯಗಳಿಗೆಲ್ಲ ಫೋನ್ ಮಾಡಿದಳು, ಬೇಡಿಕೊಂಡಳು. ಅಷ್ಟರಲ್ಲಿ ಲೊರೇನ್ ಆಸ್ಪತ್ರೆ ಸೇರಿದರು. ಕೊನೆಗೆ ಲಾಸ್ ಏಂಜಲೀಸಿನ ಒಂದು ಗೋದಾಮಿನಲ್ಲಿ ಚಿತ್ರೀಕರಣದ ಹೊತ್ತಿನ ಮೂಲ ಸದ್ದಿನ ಸುರುಳಿ ಸಿಕ್ಕಿ, ಡಬ್ಬಿಯಲ್ಲಿ ಅವಳ ಮನೆಗೆ ಬಂತು.

ಡಬ್ಬಿ ತೆರೆದೊಡನೆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಸುರುಳಿ ಕೊಳೆತು ಅಂಟಿಕೊಂಡಿತ್ತು. ಬಿಡಿಸಲಾದಷ್ಟನ್ನು ಬಿಡಿಸಿ ಯಂತ್ರಕ್ಕೆ ಹಾಕಿದಳು. ಗಾಳಿ, ಕುದುರೆಯ ಕೆನೆತ, "ಆ್ಯಕ್ಷನ್!" ಎಂಬ ಗಂಡಸಿನ ಕೂಗು. ಅದರ ಮುಂದಿನದು ಅವಳ ಬೆರಳುಗಳಲ್ಲೇ ಪುಡಿಯಾಯಿತು.

ಕೆಲಸದಿಂದ ಬಂದ ಗಂಡ ಮಧುಕರ್ ನೋಡಿದಾಗ ಅವಳು ಮೇಜಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು.

"ಎಐನಲ್ಲಿ ಒಂದು ವಾಯ್ಸು ಮಾಡಿ ಹಾಕ್ಬಿಡೇ," ಎಂದ. "ಆ ಭಾಷೆ ಈಗ ಲೊರೇನ್ ಅವರಿಗೂ ಬರಲ್ಲ ಅಂತೀಯ. ಪಾಪ, ನೆಮ್ಮದಿಯಾಗಿ ಹೋಗ್ಲಿ."

"ಅವರಿಗೆ ಸುಳ್ಳು ಹೇಳ್ಲಾ, ಮಧು?"

"ಬೇರೆ ದಾರಿ ಏನಿದೆ ಹೇಳು?"

ಬೇರೆ ದಾರಿ ಇರಲಿಲ್ಲ. ಗಾನವಿ ಮಾಡಿಯೂ ನೋಡಿದಳು. ತುಟಿಗೆ ಸರಿಯಾಗಿ ಕೂರುವ, ತುಸು ಒಡಕಲಾದ, ತಾಯಿಯಂಥ ದನಿಯೇ ಬಂತು. ಅವಳು ಅದನ್ನು ಎರಡು ಸಲ ಕೇಳಿದಳು. ಆ ಹೆಂಗಸಿನ ಬಾಯಿಗೆ ಇನ್ನೊಬ್ಬರ ಮಾತು ತುರುಕಿದವರ ಸಾಲಿಗೆ ತಾನೂ ಸೇರಿದೆನಲ್ಲ ಅನ್ನಿಸಿ ಅಳಿಸಿಹಾಕಿದಳು.

ಆಸ್ಪತ್ರೆಯಲ್ಲಿ ಲೊರೇನ್ ಆಕ್ಸಿಜನ್ ಮಾಸ್ಕ್ ಸರಿಸಿ ಕೇಳಿದರು: "ಸಿಕ್ಕಿತಾ?"

"ಇಲ್ಲ. ಸುರುಳಿ ಹಾಳಾಗಿದೆ. ಎಲ್ಲ ಪ್ರಯತ್ನಾನೂ ಮಾಡಿದೆ."

ಅವರು ಗೋಡೆಯತ್ತ ಮುಖ ತಿರುಗಿಸಿದರು. ಹಾಗೇ ಮಲಗಿ, "ಆ ಸುಳ್ಳು ದನಿಯನ್ನಾದರೂ ತೆಗೆದು ತೋರಿಸು," ಎಂದರು.

ಗಾನವಿ ಲ್ಯಾಪ್‌ಟಾಪಿನಲ್ಲಿ ಸದ್ದು ಅಡಗಿಸಿ ಆ ದೃಶ್ಯ ಹಾಕಿದಳು. ತಾಯಿ ಗುಡಾರದಿಂದ ಬಂದಳು, ಕೈಯೆತ್ತಿ ಸದ್ದಿಲ್ಲದೆ ಕೂಗಿದಳು. ಲೊರೇನ್ ಪರದೆಯ ಹತ್ತಿರಕ್ಕೆ ಬಾಗಿ ಆ ತುಟಿಗಳನ್ನೇ ದಿಟ್ಟಿಸಿದರು. ಮತ್ತೆ ಹಾಕಿಸಿದರು, ಮತ್ತೆ.

"ಒಂದೂ ತಿಳೀತಿಲ್ಲ ಗಾನವಿ. ನನ್ನ ಸ್ವಂತ ಅಮ್ಮನ ಮಾತು, ಒಂದಕ್ಷರ ತಿಳೀತಿಲ್ಲ," ಎಂದು ಬಿಕ್ಕಿದರು.

ಗಾನವಿ ಅವರ ಕೈ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ದೃಶ್ಯ ನಿಲ್ಲಿಸಹೋದಳು.

"ನಿಲ್ಲಿಸಬೇಡ," ಎಂದರು ಲೊರೇನ್. ಮುಂದಿನ ಸಲ ಪರದೆಯ ಮೇಲೆ ತಾಯಿ ಬಾಯಿ ತೆರೆದಾಗ ಅವರೂ ತೆರೆದರು. ಅವಳು ತುಟಿ ಕೂಡಿಸಿದಾಗ ಅವರೂ ಕೂಡಿಸಿದರು. ದನಿ ಹೊರಡಲಿಲ್ಲ. ನರ್ಸ್ ಬಂದು ಸಾಕೆನ್ನುವವರೆಗೂ ಹಾಗೇ ಮಾಡುತ್ತಿದ್ದರು.

ಅದೇ ವಾರ ಲೊರೇನ್ ತೀರಿಕೊಂಡರು. ಸೈನಿಕರತ್ತ ಅವರ ತಾಯಿ ಕೂಗಿದ್ದು ಏನೆಂದು ಯಾರಿಗೂ ತಿಳಿಯಲೇ ಇಲ್ಲ.